ಅಂಗಳ, ಅಡುಗೆ, ಕುಂಚ: ಓದುಗರ ಪ್ರಶ್ನೆಗಳು

ಕುಂಡದ ಮಣ್ಣಿನಿಂದ ಹಿಡಿದು ಎಲೆಯ ಚಿತ್ರದವರೆಗೆ ಈ ಸಲದ ಪತ್ರಗಳಲ್ಲಿ ಎಲ್ಲವೂ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮಗಿರುವುದು ಒಂದು ಬಾಲ್ಕನಿ. ದಿನಕ್ಕೆ ಇಪ್ಪತ್ತು ನಿಮಿಷ ಬಿಡುವು ಸಿಕ್ಕರೆ ಹೆಚ್ಚು. ಎಷ್ಟು ಕುಂಡಗಳಿಂದ ಶುರು ಮಾಡಲಿ?

ಐದು ಸಾಕು. ಎರಡರಲ್ಲಿ ಸೊಪ್ಪು, ಒಂದರಲ್ಲಿ ಪುದೀನ, ಒಂದು ಮೆಣಸಿನ ಗಿಡ, ಒಂದು ಟೊಮೆಟೊ. ಇಪ್ಪತ್ತು ಕುಂಡ ತಂದವರಿಗೆ ನೀರು ಹೊರುವುದೇ ಕೆಲಸವಾಗಿ, ಗಿಡ ನೋಡುವ ಪುರುಸೊತ್ತು ಉಳಿಯುವುದಿಲ್ಲ. ಗಿಡ ಸಾಕುವ ಸುಖ ಇರುವುದೇ ನೋಡುವುದರಲ್ಲಿ. ಹಾಗಾಗಿ ಅವು ಅಡುಗೆಮನೆಗೆ ಹತ್ತಿರವಿರಲಿ, ಒಲೆಯ ಮೇಲೆ ಪಾತ್ರೆ ಇಟ್ಟು ಹೋಗಿ ಎಲೆ ಕಿತ್ತು ತರುವಷ್ಟು ಹತ್ತಿರ.

ಕುಂಡ ಕೊಳ್ಳುವ ಮೊದಲು ಒಂದು ರಜಾದಿನ ಬಾಲ್ಕನಿಗೆ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆಂದು ನೋಡಿ. ಆರು ಗಂಟೆಯಿದ್ದರೆ ಟೊಮೆಟೊ, ಮೆಣಸಿನಕಾಯಿ ಬರುತ್ತವೆ. ಮೂರು ನಾಲ್ಕು ಗಂಟೆಯಷ್ಟೇ ಇದ್ದರೆ ಸೊಪ್ಪು, ಪುದೀನಕ್ಕೆ ತೃಪ್ತಿಪಡಿ. ಅಂಥಲ್ಲಿ ಟೊಮೆಟೊ ಗಿಡ ಎತ್ತರಕ್ಕೆ ಹೋಗುತ್ತದೆ, ಕಾಯಿ ಕೊಡುವುದಿಲ್ಲ.

ಸೊಪ್ಪಿಗೆ 15 ಸೆಂ.ಮೀ. ಆಳದ ಅಗಲ ತಟ್ಟೆ ಸಾಕು. ಮೆಣಸಿನ ಗಿಡಕ್ಕೆ 10 ಲೀಟರ್, ಟೊಮೆಟೊಗೆ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು. 20 ಲೀಟರಿನ ಕುಂಡ ನೆಂದಾಗ 25 ಕಿಲೋಗೂ ಹೆಚ್ಚು ತೂಗಬಹುದು, ಆದ್ದರಿಂದ ಬಾಲ್ಕನಿಯ ತುದಿಗಲ್ಲ, ಗೋಡೆಯ ಕಡೆಗೆ ಇಡಿ. ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು. ಕಾಂಪೋಸ್ಟ್‌ನಿಂದ ಕೊಳೆತ ವಾಸನೆ ಬರುತ್ತಿದ್ದರೆ ಅದು ಇನ್ನೂ ಕಳಿತಿಲ್ಲ, ಬೇರನ್ನು ಸುಡುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಆಗುವುದು ತಿರುಗಾಮುರುಗಾ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ಅಲ್ಲೇ ನಿಲ್ಲುತ್ತದೆ, ಬೇರು ಒದ್ದೆಯಲ್ಲೇ ಕೂರುತ್ತದೆ. ತೂತು ಮುಚ್ಚಿಕೊಳ್ಳದಂತೆ ಅದರ ಮೇಲೊಂದು ಜಾಲರಿ ತುಂಡು ಇಟ್ಟರೆ ಸಾಕು.

ಪ್ರಶ್ನೆ: ಟೊಮೆಟೊ ಗಿಡ ಸೊಂಪಾಗಿ ಬೆಳೆದಿದೆ. ಹೂವೂ ಬರುತ್ತದೆ, ಆದರೆ ಉದುರಿಹೋಗುತ್ತದೆ. ಹೇಗೋ ಉಳಿದ ಒಂದೆರಡು ಕಾಯಿಗಳ ತಳ ಕಪ್ಪಾಗಿದೆ. ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕಿದೆ, ಪ್ರಯೋಜನವಾಗಲಿಲ್ಲ.

ಇಲ್ಲಿ ಎರಡು ಬೇರೆ ತೊಂದರೆಗಳಿವೆ.

ಹೂ ಉದುರುವುದಕ್ಕೆ ಮೊದಲು ಹವೆಯನ್ನು ನೋಡಿ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ರಾತ್ರಿ 12 ಡಿಗ್ರಿಗಿಂತ ಕೆಳಗಿಳಿದರೂ ಹಾಗೆಯೇ. ಅಂಥ ದಿನಗಳಲ್ಲಿ ಮಾಡುವುದೇನಿಲ್ಲ. ನಡುಮಧ್ಯಾಹ್ನ ನೆರಳುಬಟ್ಟೆ ಕಟ್ಟಿ, ಹವೆ ಬದಲಾಗುವ ತನಕ ಕಾಯಿರಿ. ಹವೆ ಹಿತವಾಗಿದ್ದೂ ಉದುರುತ್ತಿದ್ದರೆ ಗೊಬ್ಬರ ಹೆಚ್ಚಾಗಿರಬೇಕು. "ಸೊಂಪಾಗಿ ಬೆಳೆದಿದೆ" ಎಂಬ ನಿಮ್ಮ ಮಾತೇ ಆ ಅನುಮಾನ ಹುಟ್ಟಿಸುತ್ತದೆ. ಸಾರಜನಕ ಜಾಸ್ತಿಯಾದ ಗಿಡ ಎಲೆ ಮಾಡುತ್ತ ಕೂರುತ್ತದೆ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಮೂರನೆಯ ಕಾರಣ ಗಾಳಿಯ ಕೊರತೆ. ಟೊಮೆಟೊ ಹೂ ತನ್ನ ಪರಾಗವನ್ನೇ ಬಳಸುತ್ತದೆ, ಆದರೆ ಆ ಪರಾಗ ಕೊಳವೆಯಂಥ ಕೇಸರದ ಒಳಗಿರುತ್ತದೆ. ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ಬಯಲಿನಲ್ಲಿ ಗಾಳಿ ಮತ್ತು ಕೆಲವು ಜಾತಿಯ ದುಂಬಿಗಳು ಆ ಕೆಲಸ ಮಾಡುತ್ತವೆ. ಮುಚ್ಚಿದ ಬಾಲ್ಕನಿಯಲ್ಲಿ ನೀವೇ ಮಾಡಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ, ಹೂ ಒಣಗಿರುವಾಗ, ಗೊಂಚಲಿನ ಹಿಂಬದಿಯ ತೊಟ್ಟನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ತಟ್ಟಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯನ್ನು ತೊಟ್ಟಿಗೆ ತಾಗಿಸಿದರೆ ಇನ್ನೂ ಚೆನ್ನ. ಎರಡು ಮೂರು ದಿನ ಹೀಗೆ ಮಾಡಿ.

ತಳ ಕಪ್ಪಾಗಿ ಚರ್ಮದಂತಾಗುವುದು ಅಂಟುರೋಗವಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ ಅಷ್ಟೆ. ಮಣ್ಣಿನಲ್ಲಿ ಅದು ಇರಬಹುದು, ಆದರೆ ಗಿಡದೊಳಗೆ ನೀರಿನ ಜೊತೆಗೇ ಸಾಗುತ್ತದೆ. ಎರಡು ದಿನ ಒಣಗಿಸಿ ಮೂರನೆಯ ದಿನ ಬಕೆಟ್ ಸುರಿದರೆ ಸಾಗಣೆ ತಪ್ಪುತ್ತದೆ. ಚಿಪ್ಪಿನ ಪುಡಿ ಮಣ್ಣಿನಲ್ಲಿ ಕರಗಲು ಎಷ್ಟೋ ತಿಂಗಳು ಹಿಡಿಯುತ್ತದೆ, ಈ ಬೆಳೆಗೆ ಅದರಿಂದ ಉಪಕಾರವಿಲ್ಲ. ನೀರನ್ನು ಒಂದೇ ಸಮನೆ ಕೊಡಿ, ಮಣ್ಣಿನ ಮೇಲೆ ಐದು ಸೆಂ.ಮೀ. ದಪ್ಪಕ್ಕೆ ಒಣ ಎಲೆ ಹೊದಿಸಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಮುಂದಿನವು ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಗಿಡಗಳ ಜೊತೆ ಮಾತನಾಡಿದರೆ ಚೆನ್ನಾಗಿ ಬೆಳೆಯುತ್ತವೆಯೇ?

ಮಾತನಾಡುವಾಗ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡುವ ಅಭ್ಯಾಸವಿದ್ದರೆ ಖಂಡಿತ ಬೆಳೆಯುತ್ತವೆ. ಗಿಡಹೇನು, ಬಿಳಿನೊಣ ಅಡಗುವುದು ಅಲ್ಲೇ. ಎಲೆ ಅಂಟಂಟಾಗಿದ್ದು, ಕಾಂಡದ ಮೇಲೆ ಇರುವೆ ಸಾಲುಗಟ್ಟಿದ್ದರೆ ಹೇನು ಬಂದಿದೆ ಎಂದೇ ಅರ್ಥ. ಮೊದಲು ನೀರನ್ನು ಜೋರಾಗಿ ಚಿಮುಕಿಸಿ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು 1 ಮಿ.ಲೀ. ದ್ರವ ಸೋಪು ಕಲಕಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಮೊಸಳೆಮರಿಯಂತೆ ಕಾಣುವ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆಯ ಪುಟ್ಟ ಹುಳು ಕಂಡರೆ ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನನ್ನು ತಿಂದೇ ಬದುಕುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಎರಡೇ ದಿನದಲ್ಲಿ ತೋಟ ಬೇಸರವಾಗುತ್ತದೆ. ಮಾವನವರಿಗೆ ಮಂಡಿನೋವು, ಬಗ್ಗಲು ಆಗುವುದಿಲ್ಲ, ಆದರೆ ಯಾರು ನೀರು ಹಾಕಿದರೂ ತಪ್ಪು ಹುಡುಕುತ್ತಾರೆ. ಎಲ್ಲರೂ ಸೇರಿ ಮಾಡುವಂತಾಗಲು ಏನು ಮಾಡಬೇಕು?

ಎಲ್ಲರೂ ಸೇರಿ ಒಂದೇ ಕುಂಡ ನೋಡಿಕೊಳ್ಳುವುದನ್ನು ಬಿಡಿ. ಒಬ್ಬೊಬ್ಬರಿಗೆ ಒಂದೊಂದು ಕುಂಡ, ಅದರ ಮೇಲೆ ಪೂರ್ತಿ ಅಧಿಕಾರ. ಮಗಳ ಗಿಡ ಬಾಡುತ್ತಿದ್ದರೂ ನೀವು ನೀರು ಹಾಕಕೂಡದು, ಹೆಚ್ಚೆಂದರೆ "ನಿನ್ನ ಗಿಡ ನೋಡಿದೆಯಾ?" ಎನ್ನಬಹುದು. ಗಿಡ ಸತ್ತರೂ ಇನ್ನೊಂದು ಬೀಜ ಇದೆಯಲ್ಲ.

ಮಕ್ಕಳಿಗೆ ಬೇಸರ ಬರುವುದು ಕಾಯುವ ಕೆಲಸ ಕೊಟ್ಟಾಗ. ಬೇಗ ಬರುವುದನ್ನು ಕೊಡಿ. ಗಾಜಿನ ಜಾಡಿಯ ಒಳಗೋಡೆಗೆ ಒದ್ದೆ ಕಾಗದ ಒತ್ತಿ, ಕಾಗದಕ್ಕೂ ಗಾಜಿಗೂ ನಡುವೆ ಬೀನ್ಸ್ ಬೀಜ ಸಿಕ್ಕಿಸಿದರೆ ಮೂರು ನಾಲ್ಕು ದಿನದಲ್ಲಿ ಬೇರು ಕಾಣುತ್ತದೆ. ಬೇರು ಬಂದ ಮೇಲೆ ಜಾಡಿಯನ್ನು ಅಡ್ಡ ಮಲಗಿಸಿ, ಬೇರು ಮತ್ತೆ ನೆಲದ ಕಡೆಗೆ ತಿರುಗುವುದನ್ನು ನೋಡಲಿ. ಸಾಸಿವೆ, ಮೂಲಂಗಿ ಬೀಜವನ್ನು ತಟ್ಟೆಯಲ್ಲಿ ಒತ್ತಾಗಿ ಬಿತ್ತಿದರೆ ಏಳರಿಂದ ಹತ್ತು ದಿನಕ್ಕೆ ಮೊಳಕೆಸೊಪ್ಪು ಕತ್ತರಿಸಿ ತಿನ್ನಬಹುದು. ಸಣ್ಣ ಉರುಟು ಮೂಲಂಗಿ ತಂಪು ಹವೆಯಲ್ಲಿ 25ರಿಂದ 30 ದಿನಕ್ಕೆ ಕೀಳಲು ಬರುತ್ತದೆ. ಕೀಳುವ ಕೆಲಸ ಮಗಳದ್ದೇ ಆಗಿರಲಿ, ಅದರ ಖುಷಿಯೇ ಬೇರೆ.

ಮಾವನವರ ಕುಂಡಗಳನ್ನು 70–75 ಸೆಂ.ಮೀ. ಎತ್ತರದ ಗಟ್ಟಿ ಮೇಜಿನ ಮೇಲಿಡಿ, ಪಕ್ಕದಲ್ಲೊಂದು ಕುರ್ಚಿ. ನೀರಿನ ಕ್ಯಾನು ಒಂದೂವರೆ ಲೀಟರಿಗಿಂತ ದೊಡ್ಡದಿರಬಾರದು. ಸಸಿ ಎತ್ತಿ ನೆಡುವುದು, ಕುಡಿ ಚಿವುಟುವುದು, ಬೀಜ ಬಿಡಿಸಿ ಒಣಗಿಸಿ ಹೆಸರು ಬರೆದಿಡುವುದು, ಇವೆಲ್ಲ ಕೂತು ಮಾಡುವ ಕೆಲಸಗಳು. ಅನುಭವವಿದ್ದವರ ಕೈಗೆ ಒಪ್ಪುವ ಕೆಲಸಗಳು ಕೂಡ.

ನೀರಿನ ಜಗಳಕ್ಕೆ ಬೆರಳೇ ತೀರ್ಪುಗಾರ. ಎರಡು ಗಿಣ್ಣಿನ ಆಳಕ್ಕೆ ಮಣ್ಣಿಗೆ ಬೆರಳಿಡಬೇಕು. ಒಣಗಿದ್ದರೆ ತಳದಿಂದ ಸೋರುವ ತನಕ ನೀರು, ಒದ್ದೆಯಿದ್ದರೆ ಒಂದು ಹನಿಯೂ ಇಲ್ಲ. ಕುಂಡದ ಅಡಿತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಬೇಕು. ಮಾವನವರಿಗೂ ಇದೇ ನಿಯಮ.

ಪ್ರಶ್ನೆ: ಕೊತ್ತಂಬರಿ ಒಮ್ಮೆ ಮೊಳೆಯುವುದೇ ಇಲ್ಲ, ಮೊಳೆತರೆ ಬೇಗ ಹೂ ಬಿಟ್ಟುಬಿಡುತ್ತದೆ.

ನಾವು ಬೀಜವೆನ್ನುವ ಆ ಗುಂಡಿನೊಳಗೆ ಎರಡು ಬೀಜಗಳಿವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಅದನ್ನು ಎರಡಾಗಿ ಸೀಳಿ, ಪುಡಿಯಾಗಬಾರದು. ಒಂದು ರಾತ್ರಿ ನೆನೆಸಿ, ಒಂದು ಸೆಂ.ಮೀ. ಆಳದಲ್ಲಿ ಬಿತ್ತಿ. ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಬೇಕು, ಕಿತ್ತು ನೆಟ್ಟರೆ ಬೇರು ನೊಂದು ಹೂವಿಗೆ ತಿರುಗುತ್ತದೆ. ಸೆಕೆ ಮತ್ತು ದೀರ್ಘ ಹಗಲು ಸಹ ಅದನ್ನು ಹೂವಿಗೆ ಅಟ್ಟುತ್ತವೆ. ಅದನ್ನು ತಡೆಯಲು ಹೋಗದೆ ಮೂರು ವಾರಕ್ಕೊಮ್ಮೆ ಒಂದು ಹಿಡಿ ಬಿತ್ತುತ್ತಿರಿ. ಹೂ ಬಿಟ್ಟ ಗಿಡವನ್ನು ಹಾಗೇ ಬಿಡಿ. ಅದರ ಹಸಿರು ಕಾಯಿಯ ಘಮ ಎಲೆಗೂ ಇಲ್ಲ, ಒಣಗಿದ ಬೀಜಕ್ಕೂ ಇಲ್ಲ.

ಪ್ರಶ್ನೆ: ಋತುವಿನ ತರಕಾರಿ ತಿನ್ನಬೇಕೆಂದು ಎಲ್ಲರೂ ಹೇಳುತ್ತಾರೆ. ರುಚಿಯಲ್ಲಿ ನಿಜವಾಗಿ ವ್ಯತ್ಯಾಸವಿದೆಯೇ? ಒಮ್ಮೆಗೇ ರಾಶಿ ಬಂದಾಗ ಏನು ಮಾಡುವುದು?

ವ್ಯತ್ಯಾಸವಿದೆ, ಅದಕ್ಕೆ ಕಾರಣವೂ ಇದೆ. ಕ್ಯಾರೆಟ್ ಮತ್ತು ಎಲೆಕೋಸಿನ ಬಳಗದ ಗಿಡಗಳು ಚಳಿಯಲ್ಲಿ ತಮ್ಮಲ್ಲಿ ಸಕ್ಕರೆ ಹೆಚ್ಚಿಸಿಕೊಳ್ಳುತ್ತವೆ, ಆದ್ದರಿಂದ ಆಗ ಸಿಹಿ. ಸೌತೆಕಾಯಿ ಸೆಕೆಗೋ ನೀರಿಲ್ಲದೆಯೋ ಬಳಲಿದರೆ ಕಹಿಯಾಗುತ್ತದೆ. ಕಹಿ ತೊಟ್ಟಿನ ಕಡೆ ಹೆಚ್ಚು, ಅಲ್ಲಿ ಒಂದು ತುಂಡು ಕತ್ತರಿಸಿ ರುಚಿ ನೋಡುವುದು ಒಳ್ಳೆಯದು. ಹಸಿ ಬಟಾಣಿ ಮತ್ತು ಜೋಳದ ತೆನೆಯ ಸಕ್ಕರೆ ಕಿತ್ತ ಗಳಿಗೆಯಿಂದಲೇ ಪಿಷ್ಟವಾಗತೊಡಗುತ್ತದೆ, ಅವನ್ನು ಕಿತ್ತ ದಿನವೇ ತಿನ್ನಬೇಕು. ಟೊಮೆಟೊವನ್ನು 12 ಡಿಗ್ರಿಗಿಂತ ತಣ್ಣಗೆ ಇಟ್ಟರೆ ಪರಿಮಳ ಹೋಗುತ್ತದೆ. ಅದರ ಜಾಗ ಫ್ರಿಜ್ ಅಲ್ಲ, ಅಡುಗೆಮನೆಯ ನೆರಳು.

ರಾಶಿ ಬಂದಾಗ ಮೂರು ದಾರಿ.

ಬೀನ್ಸ್‌ಗೆ ಘನೀಕರಣ ಒಳ್ಳೆಯದು. ಹಸಿಯಾಗಿಯೇ ಫ್ರೀಜರಿಗೆ ಹಾಕಿದರೆ ಅದರೊಳಗಿನ ಕಿಣ್ವಗಳು ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಎರಡು ತಿಂಗಳಲ್ಲಿ ಬಣ್ಣಗೆಟ್ಟು ಹುಲ್ಲಿನ ರುಚಿ ಬರುತ್ತದೆ. ಅರ್ಧ ಕಿಲೋಗೆ ನಾಲ್ಕು ಲೀಟರ್ ನೀರು ಕುದಿಸಿ, ಬೀನ್ಸ್ ಹಾಕಿ, ಮತ್ತೆ ಕುದಿ ಬಂದಲ್ಲಿಂದ ಮೂರು ನಿಮಿಷ ಎಣಿಸಿ. ತೆಗೆದು ಅಷ್ಟೇ ಹೊತ್ತು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ. ಬಟ್ಟೆಯ ಮೇಲೆ ಹರಡಿ ತೇವ ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಮಾಡಿ, ಆಮೇಲೆ ಚೀಲಕ್ಕೆ ತುಂಬಿ ಗಾಳಿ ಹಿಂಡಿ. ತೇವ ಒರೆಸದೆ ತುಂಬಿದರೆ ಎಲ್ಲ ಸೇರಿ ಒಂದೇ ಗಡ್ಡೆ. ಮೈನಸ್ 18 ಡಿಗ್ರಿಯಲ್ಲಿ ಎಂಟು ತಿಂಗಳು ಧಾರಾಳವಾಗಿ ಇರುತ್ತದೆ.

ಎಲೆಕೋಸಿಗೆ ಉಪ್ಪಿನ ಹುದುಗು. ಸಣ್ಣಗೆ ಹೆಚ್ಚಿದ ಒಂದು ಕಿಲೋ ಎಲೆಕೋಸಿಗೆ 20 ಗ್ರಾಂ ಉಪ್ಪು. ಚಮಚದಲ್ಲಿ ಅಳೆಯಬೇಡಿ. ಪುಡಿಯುಪ್ಪು, ಹರಳುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಹತ್ತು ನಿಮಿಷ ಕೈಯಲ್ಲಿ ಹಿಸುಕಿದರೆ ಅದರದೇ ರಸ ಬಿಡುತ್ತದೆ. ಜಾಡಿಗೆ ಒತ್ತಿ ತುಂಬಿ, ಎಲೆಕೋಸು ರಸದಡಿ ಮುಳುಗಿರುವಂತೆ ಮೇಲೊಂದು ಶುದ್ಧ ಭಾರ ಇಡಿ. ಜಾಡಿಯ ಮೇಲ್ಗಡೆ ಮೂರು ಬೆರಳಷ್ಟು ಜಾಗ ಬಿಡಿ. ಮುಚ್ಚಳ ಬಿಗಿಯಾಗಿದ್ದರೆ ಮೊದಲ ವಾರ ದಿನವೂ ಸಡಿಲಿಸಿ ಗಾಳಿ ಬಿಡಬೇಕು. 18–22 ಡಿಗ್ರಿಯಲ್ಲಿ ಎರಡು ಮೂರು ವಾರ ಬೇಕು, ಸೆಕೆಯಿದ್ದರೆ ಬೇಗ ಹುಳಿಯಾಗುತ್ತದೆ. ಆಮೇಲೆ ಫ್ರಿಜ್. ಮೇಲೆ ತೆಳ್ಳನೆಯ ಬಿಳಿ ಕೆನೆ ಕಟ್ಟಿದರೆ ತೆಗೆದುಹಾಕಿ. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಎದ್ದರೆ ಪೂರ್ತಿ ಚೆಲ್ಲಿ. ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ: ಎಲೆಕೋಸು ರಸದ ಮೇಲೆ ತೇಲಿರುತ್ತದೆ.

ಟೊಮೆಟೊವನ್ನು ಅರ್ಧಕ್ಕೆ ಕತ್ತರಿಸಿ, ಉಪ್ಪು ಎಣ್ಣೆ ಸವರಿ, 160 ಡಿಗ್ರಿ ಒವನ್ನಿನಲ್ಲಿ ಒಂದೂವರೆ ಗಂಟೆ ಬೇಯಿಸಿ ಫ್ರೀಜರಿಗೆ ಹಾಕಿ. ಅದನ್ನೇ ಬೆಳ್ಳುಳ್ಳಿಯ ಜೊತೆ ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿಡುವ ಸಲಹೆ ಎಲ್ಲಾದರೂ ಕಂಡರೆ ಪಾಲಿಸಬೇಡಿ. ಗಾಳಿಯಾಡದ, ಹುಳಿಯಿಲ್ಲದ ಎಣ್ಣೆಯೊಳಗಿನ ಬೆಳ್ಳುಳ್ಳಿಯಲ್ಲಿ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆಳ್ಳುಳ್ಳಿ ಎಣ್ಣೆ ಮಾಡಿದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಪ್ರಶ್ನೆ: ನನ್ನ ಗಿಡಗಳನ್ನೇ ಜಲವರ್ಣದಲ್ಲಿ ಬಿಡಿಸುವ ಆಸೆ. ಆದರೆ ನನ್ನ ಹಸಿರು ಪ್ಲಾಸ್ಟಿಕ್ ಎಲೆಯಂತೆ ಕಾಣುತ್ತದೆ.

ಟ್ಯೂಬಿನ ಹಸಿರನ್ನು ಹಾಗೇ ಬಳಸುತ್ತಿದ್ದೀರಿ. ಅದಕ್ಕೆ ಚಿಟಿಕೆ ಕೆಂಪು ಅಥವಾ ಸುಟ್ಟ ಸಿಯೆನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ತಕ್ಷಣ ನೆಲಕ್ಕಿಳಿಯುತ್ತದೆ. ಹಸಿರನ್ನು ನೀವೇ ಮಾಡಿಕೊಂಡರೆ ಇನ್ನೂ ಒಳ್ಳೆಯದು. ನಿಂಬೆ ಹಳದಿಗೆ ಅಲ್ಟ್ರಾಮರೀನ್ ನೀಲಿಯನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಒಂದು ಹಾಳೆಯಲ್ಲಿ ಹತ್ತು ಚೌಕ ತುಂಬಿಸಿ, ಪ್ರತಿಯೊಂದಕ್ಕೂ ಕೆಳಗೆ ಚೂರು ಕೆಂಪು ಬೆರೆಸಿದ ಇನ್ನೊಂದು ಚೌಕ. ಆ ಹಾಳೆಯನ್ನು ಗಿಡದ ಪಕ್ಕ ಹಿಡಿದು ಹೋಲಿಸಿ. ಬೆಳಕು ಎಲೆಯ ಹಿಂದಿನಿಂದ ತೂರಿ ಬರುವಾಗ ಹಳದಿ ಹೆಚ್ಚು, ಎಲೆಯ ಮೇಲಿಂದ ಆಕಾಶ ಹೊಳೆಯುವಾಗ ನೀಲಿ ಹೆಚ್ಚು. ಒಂದೇ ಎಲೆಯಲ್ಲಿ ಎರಡೂ ಇರುತ್ತವೆ. ಇದನ್ನು ಗಮನಿಸದೆ ಇಡೀ ಎಲೆಗೆ ಒಂದೇ ಬಣ್ಣ ತುಂಬಿದಾಗಲೇ ಪ್ಲಾಸ್ಟಿಕ್ ಆಗುವುದು. ಹೊಳಪಿನ ಜಾಗದಲ್ಲಿ ಬಿಳಿ ಬಣ್ಣ ಬಳಿಯಬೇಡಿ, ಕಾಗದವನ್ನೇ ಖಾಲಿ ಬಿಡಿ.

ಕಾಗದ 300 ಜಿಎಸ್‌ಎಂನದಿರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ತೆಳು ಹಾಳೆ ಒದ್ದೆಯಾದಾಗ ಅಲೆಯಲೆಯಾಗಿ ಎದ್ದು ಬಣ್ಣ ಗುಳಿಗಳಲ್ಲಿ ನಿಲ್ಲುತ್ತದೆ. ನರಗಳ ಸೂಕ್ಷ್ಮ ಬೇಕಿದ್ದರೆ ನುಣುಪು ಮೈಯ ಕಾಗದ, ಸಡಿಲವಾಗಿ ಬಳಿಯುವುದಿದ್ದರೆ ತರಿ ಮೈಯದು. ಮೊದಲು ಎಚ್‌ಬಿ ಪೆನ್ಸಿಲಿನಲ್ಲಿ ಕಾಂಡದ ವಾಲಿಕೆ, ಆಮೇಲೆ ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದು ಇವೆಯೋ ಎಂಬ ಜೋಡಣೆ, ಆಮೇಲೆ ಆಕಾರ. ಟೊಂಗೆ ಕತ್ತರಿಸಿ ನೀರಲ್ಲಿಟ್ಟು ಬಿಡಿಸುವುದಾದರೆ ಹೂವನ್ನು ಮೊದಲು ಮುಗಿಸಿ, ಅದು ಬಾಡುತ್ತದೆ, ಎಲೆ ಕಾಯುತ್ತದೆ.

ವಿಷಯಕ್ಕಾಗಿ ಅಪರೂಪದ ಹೂ ಹುಡುಕುವ ಅಗತ್ಯವಿಲ್ಲ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1503ರಲ್ಲಿ ಜಲವರ್ಣದಲ್ಲಿ ಬರೆದದ್ದು ಒಂದು ಹೆಂಟೆ ಮಣ್ಣಿನ ಮೇಲಿನ ಹುಲ್ಲು ಮತ್ತು ಕಳೆಗಿಡಗಳನ್ನು. ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಒಂದೊಂದು ಗಿಡದ ಜಾತಿಯನ್ನೂ ಗುರುತಿಸಬಹುದು. ನೋಡುವ ಎತ್ತರ ಮುಖ್ಯ. ಅದು ಹುಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ಬರೆದ ಚಿತ್ರ. ಕುಂಡವನ್ನು ಮೇಜಿನ ಮೇಲಿಟ್ಟು ನೀವೂ ಹಾಗೆ ನೋಡಬಹುದು.

ಪ್ರಶ್ನೆ: ಚಿತ್ರ ಬಿಡಿಸಲು ಬಾರದವರಿಗೆ ಗಿಡದಿಂದಲೇ ಮಾಡುವ ಕಲೆ ಏನಾದರೂ ಇದೆಯೇ? ಮಕ್ಕಳೂ ಸೇರಿಕೊಳ್ಳುವಂಥದ್ದು.

ಎಲೆಯ ರಸದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸಬಹುದು. ಇದಕ್ಕೆ ಆಂಥೋಟೈಪ್ ಎಂದು ಹೆಸರು. ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಹೂವಿನ ರಸಗಳ ಮೇಲೆ ಬೆಳಕಿನ ಪರಿಣಾಮದ ಬಗ್ಗೆ ಬರೆದಿದ್ದರು. ಬೆಳಕು ಸಸ್ಯದ ಬಣ್ಣವನ್ನು ಮಾಸಿಸುತ್ತದೆ. ಎಲೆಯ ನೆರಳಿದ್ದಲ್ಲಿ ಬಣ್ಣ ಉಳಿಯುತ್ತದೆ, ಅಷ್ಟೇ ಇದರ ಗುಟ್ಟು.

ಅರಿಸಿನದಿಂದ ಶುರು ಮಾಡಿ, ಅದು ಬೇಗ ಮಾಸುತ್ತದೆ. ಒಂದು ಚಮಚ ಪುಡಿಯನ್ನು 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಈ ಹಂತ ದೊಡ್ಡವರದ್ದು, ಹತ್ತಿರ ಬೆಂಕಿ ಇರಬಾರದು. ದಪ್ಪ ಕಾಗದಕ್ಕೆ ಎರಡು ಸಲ ಬಳಿದು ಕತ್ತಲೆಯಲ್ಲಿ ಒಣಗಿಸಿ. ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ, ಅಂಚಿಗೆ ಕ್ಲಿಪ್ ಹಾಕಿ ಉರಿಬಿಸಿಲಿಗೆ ಇಡಿ. ಕೆಲವು ಗಂಟೆಗಳಲ್ಲಿ ಅಂಚು ಬಿಳಿಚುವುದು ಕಾಣುತ್ತದೆ. ಪಾಲಕ್ ರಸವನ್ನೂ ಹೀಗೇ ಬಳಸಬಹುದು, ಅದಕ್ಕೆ ಬಿಸಿಲು ಹೆಚ್ಚು ಬೇಕು. ಕೆಲವು ಬಣ್ಣಗಳು ದಿನಗಟ್ಟಲೆ, ವಾರಗಟ್ಟಲೆ ಹಿಡಿಯುತ್ತವೆ.

ಕೆಡುವುದು ಎರಡು ಕಾರಣಕ್ಕೆ. ಹಸಿ ಎಲೆ ಬಿಸಿಗೆ ನೀರು ಬಿಟ್ಟು ಕಾಗದಕ್ಕೆ ಕಲೆ ಹಿಡಿಸುತ್ತದೆ, ಆದ್ದರಿಂದ ಎಲೆಯನ್ನು ಒಂದೆರಡು ದಿನ ದಪ್ಪ ಪುಸ್ತಕದೊಳಗೆ ಒತ್ತಿ ಬಳಸಿ. ಎಲೆ ಕಾಗದಕ್ಕೆ ಸಮವಾಗಿ ಅಂಟದಿದ್ದರೆ ಬೆಳಕು ನುಸುಳಿ ಅಂಚು ಮಸುಕಾಗುತ್ತದೆ. ಮೂಡಿದ ಚಿತ್ರವನ್ನು ಶಾಶ್ವತ ಮಾಡುವ ಉಪಾಯವಿಲ್ಲ, ಗೋಡೆಗೆ ಹಾಕಿದರೆ ಅದೂ ಮಾಸುತ್ತದೆ. ಆಲ್ಬಮ್ಮಿನಲ್ಲಿ ಮುಚ್ಚಿಡಿ, ಬೇಕಾದಾಗ ತೆಗೆದು ನೋಡಿ. ಗೋಡೆಗೇ ಬೇಕೆಂದರೆ ಒಂದು ಫೋಟೊ ತೆಗೆದು ಅದನ್ನು ಹಾಕಿ.

ಪ್ರಶ್ನೆ: ಕಾಫಿ ಪುಡಿಯ ಚರಟ ಕುಂಡಕ್ಕೆ ಹಾಕಬಹುದೇ?

ಕಾಂಪೋಸ್ಟ್ ಗುಂಡಿಗೆ ಹಾಕಿ. ನೇರವಾಗಿ ಕುಂಡಕ್ಕೆ ಹಾಕುವುದಾದರೆ ತೆಳುವಾಗಿ ಉದುರಿಸಿ ಮಣ್ಣಿನಲ್ಲಿ ಬೆರೆಸಿ. ದಪ್ಪ ಪದರವಾದರೆ ಒಣಗಿ ಹೆಕ್ಕಳೆಗಟ್ಟಿ ನೀರನ್ನು ಒಳಗೆ ಬಿಡುವುದಿಲ್ಲ.

ಪ್ರಶ್ನೆ: ಮನೆಮಂದಿಯೆಲ್ಲ ಹತ್ತು ದಿನ ಊರಿಗೆ ಹೋಗುತ್ತಿದ್ದೇವೆ. ಗಿಡಗಳ ಗತಿ?

ಎಲ್ಲ ಕುಂಡಗಳನ್ನೂ ನೆರಳಿನಲ್ಲಿ ಒತ್ತೊತ್ತಾಗಿ ಜೋಡಿಸಿ. ನಡುವೆ, ಕುಂಡಗಳಿಗಿಂತ ಎತ್ತರದಲ್ಲಿ, ತುಂಬಿದ ಬಕೆಟ್ ಇಡಿ. ಹೆಬ್ಬೆರಳಿನ ಅರ್ಧ ದಪ್ಪದ ಹತ್ತಿಯ ಹಗ್ಗವನ್ನು ನೆನೆಸಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವಂತೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ನಾಲ್ಕು ಬೆರಳು ಇಳಿಯುವಂತೆ ಹೂಳಿ. ಕುಂಡಕ್ಕೊಂದು ಹಗ್ಗ, ದೊಡ್ಡ ಟೊಮೆಟೊಗೆ ಎರಡು. ನೈಲಾನ್ ಹಗ್ಗ ನೀರು ಎಳೆಯುವುದಿಲ್ಲ. ಹೊರಡುವ ಮೂರು ದಿನ ಮೊದಲೇ ಜೋಡಿಸಿ, ಬಕೆಟ್ಟಿನ ನೀರು ದಿನಕ್ಕೆ ಎಷ್ಟು ಇಳಿಯುತ್ತದೆಂದು ಗುರುತು ಮಾಡಿ ನೋಡಿ. ಹತ್ತು ದಿನಕ್ಕೆ ಸಾಲದಿದ್ದರೆ ಇನ್ನೊಂದು ಬಕೆಟ್ ಬೇಕು. ಹೊರಡುವ ಬೆಳಿಗ್ಗೆ ಬೀನ್ಸ್, ಸೌತೆ ಗಿಡದಲ್ಲಿ ಎಳೆಯದೂ ಸೇರಿ ಇರುವ ಕಾಯಿಗಳನ್ನೆಲ್ಲ ಕಿತ್ತುಬಿಡಿ. ಒಂದೆರಡು ಬಲಿತು ಬೀಜಕಟ್ಟಿದರೂ ಆ ಗಿಡಗಳು ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತವೆ. ಕಿತ್ತದ್ದನ್ನು ಪಕ್ಕದ ಮನೆಗೆ ಕೊಟ್ಟರೆ, ಬಕೆಟ್ ನೋಡಿಕೊಳ್ಳಲು ಒಬ್ಬರು ಸಿಕ್ಕಂತೆಯೂ ಆಯಿತು.